ಘಾನಾದ ಕೋಕೋ ತೋಟದಲ್ಲಿ ಅಭಿವೃದ್ಧಿಯ ಸಿದ್ಧಾಂತಗಳು

ಕೋಕೋ ಕಾಯಿಯನ್ನು ಕತ್ತಿಯಿಂದ ಒಡೆದರೆ ಒಳಗೆ ಬಿಳಿಯ, ಹುಳಿಸಿಹಿ ಲೋಳೆಯಲ್ಲಿ ಅಂಟಿಕೊಂಡ ಮೂವತ್ತು ನಲವತ್ತು ಬೀಜಗಳು ಸಿಗುತ್ತವೆ. ಘಾನಾದ ರೈತರು ಆ ಬೀಜಗಳನ್ನು ಬಾಳೆ ಎಲೆಗಳ ಮೇಲೆ ರಾಶಿ ಹಾಕಿ, ಮೇಲೆಯೂ ಬಾಳೆ ಎಲೆ ಮುಚ್ಚಿ, ಸುಮಾರು ಆರು ದಿನ ಹುಳಿಯಲು ಬಿಡುತ್ತಾರೆ. ನಡುವೆ ರಾಶಿಯನ್ನು ಮಗುಚಿ ಹಾಕುತ್ತಾರೆ. ಆಮೇಲೆ ಎತ್ತರದ ತಟ್ಟಿಗಳ ಮೇಲೆ ಹರವಿ ಬಿಸಿಲಿಗೆ ಒಣಗಿಸುತ್ತಾರೆ. ಚಾಕೊಲೇಟಿನ ರುಚಿಗೆ ತಳಹದಿ ಬೀಳುವುದು ಯಾವ ಕಾರ್ಖಾನೆಯಲ್ಲೂ ಅಲ್ಲ, ಈ ಎಲೆಗಳ ಕೆಳಗೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ‘ಕೊಕ್ಕೊ’ ಬೆಳೆಯುವವರಿಗೆ ಆ ಕಾಯಿಯ ಪರಿಚಯವಿದೆ; ಆದರೆ ಅವರಲ್ಲಿ ಬಹಳಷ್ಟು ಮಂದಿ ಬೀಜವನ್ನು ಹಸಿಯಾಗಿಯೇ ಮಾರುವುದರಿಂದ ಹುಳಿಸುವ ಕೆಲಸ ಅವರ ಅಂಗಳಕ್ಕೆ ಅಷ್ಟಾಗಿ ಬಂದಿಲ್ಲ.

ಬಡ ದೇಶವೊಂದು ಬಡತನದಿಂದ ಹೇಗೆ ಮೇಲೇಳುತ್ತದೆ ಎಂಬ ಪ್ರಶ್ನೆಗೆ ಕಳೆದ ಎಂಟು ದಶಕಗಳಲ್ಲಿ ಅರ್ಥಶಾಸ್ತ್ರಜ್ಞರು ಕೊಟ್ಟ ಉತ್ತರಗಳನ್ನೇ ‘ಅಭಿವೃದ್ಧಿ ಸಿದ್ಧಾಂತ’ ಎಂದು ಕರೆಯುತ್ತೇವೆ. ಪಠ್ಯಪುಸ್ತಕಗಳಲ್ಲಿ ಅವು ಒಂದರ ಹಿಂದೊಂದು ಸಾಲಾಗಿ ಬರುತ್ತವೆ, ಹಿಂದಿನದು ತಪ್ಪು, ಮುಂದಿನದು ಸರಿ ಎಂಬಂತೆ. ನಿಜದಲ್ಲಿ ಹಾಗಾಗಲಿಲ್ಲ. ಪಶ್ಚಿಮ ಆಫ್ರಿಕಾದ ಘಾನಾ ಈ ಸಿದ್ಧಾಂತಗಳಲ್ಲಿ ಬಹುತೇಕ ಎಲ್ಲವನ್ನೂ ಮೈಮೇಲೆ ಎಳೆದುಕೊಂಡ ದೇಶ. ಅಲ್ಲಿನ ಕೋಕೋವನ್ನು ಹಿಂಬಾಲಿಸಿದರೆ ಪ್ರತಿಯೊಂದು ಸಿದ್ಧಾಂತವೂ ಕಂಡದ್ದು ಏನು, ಕಾಣದೆ ಹೋದದ್ದು ಏನು ಎನ್ನುವುದು ಸಾಕಷ್ಟು ಸ್ಪಷ್ಟವಾಗುತ್ತದೆ. ನನ್ನ ಮಟ್ಟಿಗೆ ಅವೆಲ್ಲದರ ನಡುವೆ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದೇ: ರೈತನ ಖರ್ಚು ಕಳೆದು ಮಿಕ್ಕ ಹಣ ಯಾರ ಕೈ ಸೇರುತ್ತದೆ, ಅದನ್ನು ಎಲ್ಲಿ ಹೂಡಬೇಕೆಂದು ಯಾರು ತೀರ್ಮಾನಿಸುತ್ತಾರೆ?

ಸಿದ್ಧಾಂತಗಳಿಗಿಂತ ಮೊದಲು ರೈತರು ಬಂದರು. ಟೆಟ್ಟೆ ಕ್ವಾರ್ಶಿ ಎಂಬಾತ 1879ರಲ್ಲಿ ಫರ್ನಾಂಡೊ ಪೋ ದ್ವೀಪದಿಂದ ಕೋಕೋ ಬೀಜ ತಂದು ಅಕ್ವಾಪಿಮ್ ಬೆಟ್ಟಸಾಲಿನ ಮಾಂಪಾಂಗ್‌ನಲ್ಲಿ ನೆಟ್ಟನೆಂಬುದು ಆ ದೇಶದ ಮನೆಮಾತು. 1911ರ ಹೊತ್ತಿಗೆ, ಅಂದರೆ ಮೂವತ್ತೆರಡೇ ವರ್ಷಗಳಲ್ಲಿ, ಆಗ ಗೋಲ್ಡ್ ಕೋಸ್ಟ್ ಎಂದು ಕರೆಯಲಾಗುತ್ತಿದ್ದ ಆ ಬ್ರಿಟಿಷ್ ವಸಾಹತು ಕೋಕೋ ಬೆಳೆಯಲ್ಲಿ ಜಗತ್ತಿಗೇ ಮೊದಲ ಸ್ಥಾನಕ್ಕೆ ಬಂದಿತ್ತು. ಇದನ್ನು ಮಾಡಿದವರು ಬಿಳಿಯ ತೋಟದ ಮಾಲೀಕರಲ್ಲ, ಸರ್ಕಾರವೂ ಅಲ್ಲ. ಅಕ್ವಾಪಿಮ್‌ನ ರೈತರು ಹಣ ಕೂಡಿಸಿ, ಗುಂಪು ಕಟ್ಟಿಕೊಂಡು, ಪಶ್ಚಿಮದ ಕಾಡುಭೂಮಿಯನ್ನು ಕ್ರಯಕ್ಕೆ ಪಡೆದು, ಬಂದ ಲಾಭದಲ್ಲಿ ಇನ್ನಷ್ಟು ಭೂಮಿ ಕೊಳ್ಳುತ್ತ ಹೋದರು. ದಾರಿಗೆ ಅಡ್ಡ ಬಂದ ನದಿಗೆ ತಾವೇ ದುಡ್ಡು ಹಾಕಿ ಸೇತುವೆ ಕಟ್ಟಿಸಿದರು. 1963ರಲ್ಲಿ ಇದನ್ನು ದಾಖಲೆ ಸಮೇತ ತೋರಿಸಿಕೊಟ್ಟವರು ಪಾಲಿ ಹಿಲ್ ಎಂಬ ಸಂಶೋಧಕಿ. ಅರ್ಥಶಾಸ್ತ್ರಜ್ಞ ಕೇನ್ಸ್‌ನ ಸೋದರ ಸೊಸೆಯಾದ ಈಕೆ 1970ರ ದಶಕದ ಕೊನೆಯಲ್ಲಿ ನಮ್ಮ ಆನೇಕಲ್ ತಾಲ್ಲೂಕಿನ ಹಳ್ಳಿಗಳಿಗೂ ಬಂದು ಕ್ಷೇತ್ರಕಾರ್ಯ ನಡೆಸಿ, ಅಲ್ಲಿನ ಒಣಬೇಸಾಯದ ಕುಟುಂಬಗಳನ್ನು ನೈಜೀರಿಯಾದ ಹೌಸಾ ಸೀಮೆಯ ಕುಟುಂಬಗಳೊಂದಿಗೆ ಹೋಲಿಸಿ 1982ರಲ್ಲಿ ಪುಸ್ತಕ ಪ್ರಕಟಿಸಿದರು. ಅಭಿವೃದ್ಧಿ ಅರ್ಥಶಾಸ್ತ್ರದ ಮೇಲೆ ಅವರ ಆರೋಪ ನೇರವಾಗಿತ್ತು: ಆ ಶಾಸ್ತ್ರಕ್ಕೆ ‘ರೈತ’ ಎಂದರೆ ಎಲ್ಲೆಡೆಯೂ ಒಂದೇ ಅಚ್ಚಿನ, ನಿಂತಲ್ಲೇ ನಿಂತ ಮನುಷ್ಯ, ಹಳ್ಳಿಯೊಳಗಿನ ಸಾಲ, ಜಮೀನು, ಅಸಮಾನತೆಗಳ ಲೆಕ್ಕ ಅದಕ್ಕೆ ಬೇಡ.

ಈ ಆರೋಪ ಏಕೆ ಮುಖ್ಯ ಎಂಬುದು ತಿಳಿಯಬೇಕಾದರೆ ಆ ಶಾಸ್ತ್ರ ಎಲ್ಲಿ ಹುಟ್ಟಿತೆಂದು ನೋಡಬೇಕು. 1943ರಲ್ಲಿ ಲಂಡನ್ನಿನಲ್ಲಿದ್ದ ಪಾಲ್ ರೋಸೆನ್‌ಸ್ಟೈನ್–ರೋಡಾನ್ ಯುದ್ಧಾನಂತರದ ಪೂರ್ವ ಮತ್ತು ಆಗ್ನೇಯ ಯುರೋಪನ್ನು ಮನಸ್ಸಿನಲ್ಲಿಟ್ಟುಕೊಂಡು ಒಂದು ಲೇಖನ ಬರೆದರು. ಅವರ ಉದಾಹರಣೆ ಚಪ್ಪಲಿ ಕಾರ್ಖಾನೆಯದು. ಹೊಲದಲ್ಲಿ ಅರೆಕೆಲಸದಲ್ಲಿದ್ದ 20,000 ಜನರನ್ನು ತಂದು ಒಂದು ದೊಡ್ಡ ಪಾದರಕ್ಷೆ ಕಾರ್ಖಾನೆ ತೆರೆದರೆ ಅದು ಮುಳುಗುತ್ತದೆ, ಏಕೆಂದರೆ ಆ ಕಾರ್ಮಿಕರು ತಮ್ಮ ಕೂಲಿಯನ್ನೆಲ್ಲ ಚಪ್ಪಲಿಗೇ ಸುರಿಯುವುದಿಲ್ಲ. ಬಟ್ಟೆ, ಆಹಾರ, ಪಾತ್ರೆ ಹೀಗೆ ಹಲವು ಕೈಗಾರಿಕೆಗಳನ್ನು ಏಕಕಾಲಕ್ಕೆ ತೆರೆದರೆ ಒಂದರ ಕಾರ್ಮಿಕ ಇನ್ನೊಂದರ ಗಿರಾಕಿಯಾಗುತ್ತಾನೆ, ಎಲ್ಲವೂ ಉಳಿಯುತ್ತವೆ. ಇಂಥ ಕೆಲಸ ಬಿಡಿ ಉದ್ಯಮಿಗಳಿಂದ ಆಗದು, ಸರ್ಕಾರವೇ ಒಮ್ಮೆಗೇ ದೊಡ್ಡದಾಗಿ ನೂಕಬೇಕು ಎನ್ನುವುದು ವಾದದ ತಿರುಳು. (ಸರ್ಕಾರದ ಯೋಜನೆಯಿಂದ ಬಡ ದೇಶವನ್ನು ಎತ್ತಬೇಕೆಂಬ ಯೋಚನೆ ಲಂಡನ್ನಿನಲ್ಲೇ ಹುಟ್ಟಬೇಕಾಗಿರಲಿಲ್ಲ ಎನ್ನುವುದನ್ನು ನಾವು ಮರೆಯಬಾರದು, ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು 1934ರಲ್ಲೇ ಭಾರತದ ರಾಷ್ಟ್ರೀಯ ಆದಾಯವನ್ನು ಹತ್ತು ವರ್ಷಗಳಲ್ಲಿ ಇಮ್ಮಡಿಗೊಳಿಸುವ ಯೋಜನೆಯನ್ನು ಬರೆದಿಟ್ಟಿದ್ದರು.)

ಎರಡನೆಯ ಹೆಸರು ಆರ್ಥರ್ ಲೂಯಿಸ್. ಕೆರಿಬಿಯನ್ ದ್ವೀಪವಾದ ಸೇಂಟ್ ಲೂಸಿಯಾದಲ್ಲಿ 1915ರಲ್ಲಿ ಹುಟ್ಟಿದ ಈ ಕಪ್ಪು ವರ್ಣೀಯ ವಿದ್ವಾಂಸ 1954ರಲ್ಲಿ ಬರೆದ ಲೇಖನ ಇಡೀ ಕ್ಷೇತ್ರದ ಮೂಲಪಾಠವಾಯಿತು. 1979ರಲ್ಲಿ ನೊಬೆಲ್ ಕೂಡ ಬಂತು. ಅವರ ಪ್ರಕಾರ ಬಡ ದೇಶದಲ್ಲಿ ಎರಡು ಲೋಕಗಳಿರುತ್ತವೆ. ಒಂದು ಕಡೆ ಹೊಟ್ಟೆಪಾಡಿನ ಬೇಸಾಯ: ನಾಲ್ವರು ಮಾಡುವ ಕೆಲಸವನ್ನು ಏಳು ಮಂದಿ ಹಂಚಿಕೊಂಡಿರುವ ಮನೆ. ಇನ್ನೊಂದು ಕಡೆ ಲಾಭಕ್ಕಾಗಿ ನಡೆಯುವ ಕಾರ್ಖಾನೆ, ಗಣಿ, ತೋಟ. ಮೊದಲನೆಯದರಲ್ಲಿ ಜನ ಮಿಕ್ಕಿರುವವರೆಗೆ ಎರಡನೆಯದಕ್ಕೆ ಕೂಲಿ ಏರಿಸದೆಯೇ ಆಳು ಸಿಗುತ್ತಾರೆ, ಲಾಭ ಉಳಿಯುತ್ತದೆ, ಆ ಲಾಭವನ್ನು ಮತ್ತೆ ಹೂಡಿದರೆ ಕಾರ್ಖಾನೆ ಬೆಳೆಯುತ್ತದೆ. ರಾಷ್ಟ್ರೀಯ ಆದಾಯದ ಶೇ 4–5ರಷ್ಟನ್ನು ಉಳಿಸುತ್ತಿದ್ದ ಸಮಾಜ ಶೇ 12–15ರಷ್ಟನ್ನು ಉಳಿಸುವಂತಾಗುವುದು ಹೇಗೆ ಎಂಬುದೇ ಲೂಯಿಸ್‌ಗೆ ಅಭಿವೃದ್ಧಿಯ ನಡುಗಂಬದ ಪ್ರಶ್ನೆ. 1960ರಲ್ಲಿ ಅಮೆರಿಕದ ವಾಲ್ಟ್ ರೋಸ್ಟೋ ಇದೇ ವಿಚಾರವನ್ನು ಐದು ಹಂತಗಳ ಏಣಿಯಾಗಿ ಮಾಡಿ, ಮೂರನೆಯ ಮೆಟ್ಟಿಲಿಗೆ ವಿಮಾನದ ‘ಟೇಕ್‌ಆಫ್’ ಎಂಬ ಹೆಸರಿಟ್ಟು, ಎಲ್ಲ ದೇಶಗಳೂ ಒಂದೇ ರನ್‌ವೇಯಲ್ಲಿ ಓಡುತ್ತಿವೆ ಎಂಬ ಚಿತ್ರ ಕೊಟ್ಟರು. ಸೋವಿಯತ್ ಒಕ್ಕೂಟಕ್ಕೆ ಉತ್ತರವಾಗಿ ಬರೆದ ಈ ಪುಸ್ತಕದಲ್ಲಿ ಅರ್ಥಶಾಸ್ತ್ರಕ್ಕಿಂತ ಪ್ರಚಾರವೇ ಹೆಚ್ಚೆಂದು ನನಗನ್ನಿಸುತ್ತದೆ. ಅದರ ಬಗ್ಗೆ ಇಷ್ಟು ಸಾಕು.

ಲೂಯಿಸ್ ಘಾನಾಕ್ಕೆ ಹೊರಗಿನವರಾಗಿ ಉಳಿಯಲಿಲ್ಲ. 1953ರಲ್ಲಿ ಗೋಲ್ಡ್ ಕೋಸ್ಟಿನ ಕೈಗಾರಿಕೀಕರಣದ ಬಗ್ಗೆ ವರದಿ ಕೊಟ್ಟವರು ಅವರೇ. 1957ರ ಮಾರ್ಚ್ 6ರಂದು ದೇಶ ಸ್ವತಂತ್ರವಾದ ಮೇಲೆ ಮೊದಲ ಪ್ರಧಾನಿ ಕ್ವಾಮೆ ಎನ್‌ಕ್ರುಮಾ ಅವರ ಆರ್ಥಿಕ ಸಲಹೆಗಾರರಾಗಿ ಹೋದವರೂ ಅವರೇ. ಕೈಗಾರಿಕೆಯ ಸಿದ್ಧಾಂತಿಯೆಂದು ಹೆಸರಾದ ಈ ಮನುಷ್ಯ ಅಲ್ಲಿ ಕೊಟ್ಟ ಸಲಹೆ ಏನಿತ್ತೆಂದರೆ, ಮೊದಲು ಆಹಾರ ಬೆಳೆಯುವ ರೈತನ ಇಳುವರಿ ಹೆಚ್ಚಿಸಿ, ರಸ್ತೆ–ನೀರು–ವಿದ್ಯುತ್ತಿನಂಥ ಸೌಕರ್ಯ ಸರಿಪಡಿಸಿ, ಕಾರ್ಖಾನೆಗಳಿಗೆ ದೊಡ್ಡ ಮೊತ್ತ ಸುರಿಯಲು ಇನ್ನೂ ಬಹಳ ವರ್ಷ ಕಾಯಿರಿ. ಇದರಲ್ಲಿ ವಿರೋಧಾಭಾಸವಿಲ್ಲ. ತಮ್ಮ ಮಾದರಿ ಈಜಿಪ್ಟ್, ಭಾರತ, ಜಮೈಕಾಗಳಂಥ ಜನ ಕಿಕ್ಕಿರಿದ ದೇಶಗಳಿಗೆ ಹೊಂದುತ್ತದೆ, ಗಂಡಾಳುಗಳ ಕೊರತೆಯಿರುವ ಆಫ್ರಿಕಾದ ಕೆಲವು ಭಾಗಗಳಿಗೆ ಹೊಂದುವುದಿಲ್ಲ ಎಂದು ಅವರು 1954ರ ಲೇಖನದ ಆರಂಭದಲ್ಲೇ ಹೇಳಿದ್ದರು. ಕೋಕೋ ಸೀಮೆಯಲ್ಲಿ ಮಿಕ್ಕಿ ಬಿದ್ದಿದ್ದ ಆಳುಗಳೇ ಇರಲಿಲ್ಲ. ಉತ್ತರದಿಂದ ಕೂಲಿಯವರು ಅಲ್ಲಿಗೆ ವಲಸೆ ಬರುತ್ತಿದ್ದರು. ಸಿದ್ಧಾಂತದ ಗಡಿ ಎಲ್ಲಿ ಮುಗಿಯುತ್ತದೆಂಬ ಮಾತು ಆ ಸಿದ್ಧಾಂತದಷ್ಟು ವೇಗವಾಗಿ ಪ್ರಯಾಣ ಮಾಡುವುದಿಲ್ಲ.

ಎನ್‌ಕ್ರುಮಾಗೆ ಕಾಯುವ ವ್ಯವಧಾನವಿರಲಿಲ್ಲ. ತಾನು ರಾಜಕಾರಣಿ, ಭವಿಷ್ಯದ ಮೇಲೆ ಪಣ ಕಟ್ಟಲೇಬೇಕಾದವನು ಎಂಬರ್ಥದ ಮಾತನ್ನು ಅವರು ಲೂಯಿಸ್‌ಗೆ ಬರೆದು ತಿಳಿಸಿದರು. ಲೂಯಿಸ್ 1958ರಲ್ಲಿ ಹೊರಟುಹೋದರು. ಮುಂದಿನ ಏಳೆಂಟು ವರ್ಷಗಳಲ್ಲಿ ನಡೆದದ್ದು ‘ದೊಡ್ಡ ನೂಕಿ’ನ ಅಧ್ವಾನದ ರೂಪ. ರೋಸೆನ್‌ಸ್ಟೈನ್–ರೋಡಾನ್‌ರ ಚಪ್ಪಲಿ ಕಾರ್ಖಾನೆ ಘಾನಾದಲ್ಲಿ ನಿಜವಾಗಿಯೂ ಬಂತು. ದೇಶದ ಉತ್ತರದಲ್ಲಿ ಮಾಂಸದ ಕಾರ್ಖಾನೆ. ಅಲ್ಲಿಂದ ಚರ್ಮವನ್ನು 800 ಕಿಲೋಮೀಟರಿಗೂ ದೂರ ದಕ್ಷಿಣದ ಹದ ಮಾಡುವ ಘಟಕಕ್ಕೆ ಸಾಗಿಸಬೇಕು. ಹದ ಮಾಡಿದ ತೊಗಲನ್ನು 320 ಕಿಲೋಮೀಟರ್ ಹಿಂದಕ್ಕೆ, ಕುಮಾಸಿಯ ಪಾದರಕ್ಷೆ ಕಾರ್ಖಾನೆಗೆ ಒಯ್ಯಬೇಕು. ಸಿದ್ಧವಾದ ಚಪ್ಪಲಿಯನ್ನು ಕೊಳ್ಳುವವರು ಇರುವುದು ರಾಜಧಾನಿ ಅಕ್ರಾದಲ್ಲಾದ್ದರಿಂದ ಮತ್ತೆ 320 ಕಿಲೋಮೀಟರ್ ದಕ್ಷಿಣಕ್ಕೆ ತರಬೇಕು. ಮಾವಿನ ಡಬ್ಬಿ ಕಾರ್ಖಾನೆಯೊಂದರ ಸಾಮರ್ಥ್ಯವಂತೂ ಆ ಸರಕಿನ ಇಡೀ ಜಗತ್ತಿನ ವ್ಯಾಪಾರಕ್ಕಿಂತ ಹಲವು ಪಟ್ಟು ಹೆಚ್ಚಿತ್ತು, ಸುತ್ತ ಇದ್ದದ್ದು ಪೊದೆಗಳ ನಡುವೆ ಚದುರಿದ ಕೆಲವು ಮಾವಿನ ಮರಗಳು. ಇವನ್ನು ದಾಖಲಿಸಿದ ಅರ್ಥಶಾಸ್ತ್ರಜ್ಞ ಟೋನಿ ಕಿಲಿಕ್ 1978ರಲ್ಲಿ ತಮ್ಮ ಶಾಸ್ತ್ರವನ್ನೇ ಕಟಕಟೆಯಲ್ಲಿ ನಿಲ್ಲಿಸಿದರು: ಎನ್‌ಕ್ರುಮಾ ಅರ್ಥಶಾಸ್ತ್ರವನ್ನು ಕಡೆಗಣಿಸಲಿಲ್ಲ, ಆ ಕಾಲದ ಮುಖ್ಯವಾಹಿನಿಯ ಅರ್ಥಶಾಸ್ತ್ರ ಹೇಳಿದ್ದನ್ನೇ ಬಹುಪಾಲು ಮಾಡಿದರು.

ಅಕೊಸೊಂಬೊ ಅಣೆಕಟ್ಟೆಯ ಕಥೆ ಇದಕ್ಕಿಂತ ಸೂಕ್ಷ್ಮವಾದದ್ದು. ವೋಲ್ಟಾ ನದಿಗೆ 1961–65ರಲ್ಲಿ ಕಟ್ಟಿದ ಈ ಅಣೆಕಟ್ಟೆಯ ಹಿಂದೆ ನಿಂತ ಸರೋವರ ಸುಮಾರು 8,500 ಚದರ ಕಿಲೋಮೀಟರ್ ಹರಡಿಕೊಂಡು ಜಗತ್ತಿನ ಅತಿ ವಿಸ್ತಾರವಾದ ಕೃತಕ ಜಲಾಶಯಗಳಲ್ಲಿ ಒಂದಾಯಿತು. ಏಳುನೂರಕ್ಕೂ ಹೆಚ್ಚು ಹಳ್ಳಿಗಳು ಮುಳುಗಿ ಸುಮಾರು 80,000 ಜನ ಎತ್ತಂಗಡಿಯಾದರು. 1958ರಲ್ಲಿ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹಿರ್ಷ್‌ಮನ್ ಹೇಳಿದ್ದ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ಎಲ್ಲವನ್ನೂ ಒಟ್ಟಿಗೆ ನೂಕುವ ಶಕ್ತಿ ಇದ್ದ ದೇಶ ಬಡವಾಗಿ ಏಕಿರುತ್ತಿತ್ತು ಎಂಬುದು ಅವರ ಆಕ್ಷೇಪ. ಬದಲಿಗೆ, ಹಿಂದಕ್ಕೂ (ಕಚ್ಚಾ ಸರಕು ಒದಗಿಸುವವರ ಕಡೆಗೆ) ಮುಂದಕ್ಕೂ (ಸರಕನ್ನು ಬಳಸುವವರ ಕಡೆಗೆ) ಹೆಚ್ಚು ಕೊಂಡಿಗಳಿರುವ ಉದ್ಯಮವನ್ನು ಆರಿಸಿ ತೊಡಗಬೇಕು, ಅದು ಎಳೆದ ಕಡೆ ಉಳಿದವು ಬರುತ್ತವೆ. ಕೊಂಡಿ ಎಂದರೇನು ಎನ್ನುವವರು ಪುತ್ತೂರಿಗೆ ಹೋಗಬಹುದು: ಅಡಿಕೆ ಬೆಳೆಗಾರರಿಗಾಗಿ 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಸಹಕಾರಿ ಸಂಸ್ಥೆ, ಕೋಕೋ ಬೆಲೆ ಕುಸಿದ ಕಾಲದಲ್ಲಿ ಅದರ ಖರೀದಿಗೂ ಇಳಿದು, 1986ರಲ್ಲಿ ಅಲ್ಲಿ ಚಾಕೊಲೇಟ್ ಕಾರ್ಖಾನೆ ತೆರೆಯಿತು, ತೋಟದಿಂದ ಡಬ್ಬಿಯವರೆಗಿನ ಸರಪಣಿ ಬೆಳೆಗಾರರ ಕೈಯಲ್ಲೇ ಉಳಿಯಿತು. ಅಕೊಸೊಂಬೊದಲ್ಲಿ ಆದದ್ದು ತದ್ವಿರುದ್ಧ. ಆರಂಭದ ವರ್ಷಗಳಲ್ಲಿ ಅಲ್ಲಿನ ವಿದ್ಯುತ್ತಿನ ಅರ್ಧಕ್ಕಿಂತ ಹೆಚ್ಚನ್ನು ಬಹಳ ಅಗ್ಗದ ದರಕ್ಕೆ ಪಡೆದದ್ದು ತೇಮಾ ಬಂದರಿನಲ್ಲಿ ಅಮೆರಿಕದ ಕಂಪನಿಗಳ ಒಡೆತನದಲ್ಲಿದ್ದ ಅಲ್ಯೂಮಿನಿಯಂ ಕಾರ್ಖಾನೆ. ಘಾನಾದ ನೆಲದಲ್ಲಿ ಬಾಕ್ಸೈಟ್ ಅದಿರು ಧಾರಾಳವಾಗಿತ್ತು. ಆದರೆ ಅದು ಕಚ್ಚಾ ರೂಪದಲ್ಲೇ ಹಡಗೇರಿ ಹೊರಗೆ ಹೋಗುತ್ತಿತ್ತು, ಕಾರ್ಖಾನೆಗೆ ಬೇಕಾದ ಅಲ್ಯೂಮಿನಾ, ಅಂದರೆ ಬಾಕ್ಸೈಟನ್ನು ಶುದ್ಧೀಕರಿಸಿ ತೆಗೆದ ಪುಡಿ, ಹೊರದೇಶದಿಂದ ಹಡಗಿನಲ್ಲಿ ಬರುತ್ತಿತ್ತು. ಎರಡೂ ಕಡೆಯ ಕೊಂಡಿ ಕಳಚಿದ ಉದ್ಯಮವದು. 1966ರ ಜನವರಿಯಲ್ಲಿ ಎನ್‌ಕ್ರುಮಾ ಅಣೆಕಟ್ಟೆಯನ್ನು ಉದ್ಘಾಟಿಸಿದರು. ಫೆಬ್ರವರಿ 24ರಂದು ಸೇನೆ ಅವರನ್ನು ಪದಚ್ಯುತಗೊಳಿಸಿತು.

ಈ ಬಗೆಯ ವ್ಯವಹಾರವನ್ನು ಕಂಡೇ ಲ್ಯಾಟಿನ್ ಅಮೆರಿಕದಿಂದ ಬೇರೊಂದು ದನಿ ಎದ್ದಿತ್ತು. ಅರ್ಜೆಂಟೀನಾದ ರೌಲ್ ಪ್ರೆಬಿಷ್ ಮತ್ತು ಜರ್ಮನಿಯಲ್ಲಿ ಹುಟ್ಟಿದ ಹಾನ್ಸ್ ಸಿಂಗರ್ 1950ರಲ್ಲಿ ಬೇರೆ ಬೇರೆಯಾಗಿ ತೋರಿಸಿದ್ದು ಇಷ್ಟು: ಕಚ್ಚಾ ಸರಕು ಮಾರಿ ಯಂತ್ರ ಕೊಳ್ಳುವ ದೇಶ ಕಾಲಕ್ರಮೇಣ ಅದೇ ಯಂತ್ರಕ್ಕಾಗಿ ಹೆಚ್ಚು ಹೆಚ್ಚು ಮೂಟೆ ತೆರಬೇಕಾಗುತ್ತದೆ. ಆದಾಯ ಇಮ್ಮಡಿಯಾದ ಮನೆಯಲ್ಲಿ ಜನ ಇಮ್ಮಡಿ ಚಾಕೊಲೇಟ್ ತಿನ್ನುವುದಿಲ್ಲ. ಆಂಡ್ರೆ ಗುಂಡರ್ ಫ್ರಾಂಕ್ ಇದನ್ನು ಇನ್ನೂ ಮುಂದಕ್ಕೆ ಒಯ್ದು, ಬಡ ದೇಶಗಳು ಹಿಂದುಳಿದು ಹೋದವಲ್ಲ, ಶ್ರೀಮಂತ ದೇಶಗಳ ಜೊತೆಗಿನ ನಂಟೇ ಅವನ್ನು ಹಿಂದುಳಿಸಿತು ಎಂದರು. ಇದೇ ಅವಲಂಬನ ಸಿದ್ಧಾಂತ. ಗೋಲ್ಡ್ ಕೋಸ್ಟಿನ ಲೆಕ್ಕಪುಸ್ತಕದಲ್ಲಿ ಇದಕ್ಕೆ ಪುರಾವೆ ಹುಡುಕಿಕೊಂಡು ಹೋಗಬೇಕಾಗಿಲ್ಲ. 1947ರಲ್ಲಿ ಸ್ಥಾಪನೆಯಾದ ಕೋಕೋ ಮಾರಾಟ ಮಂಡಳಿ ರೈತರಿಂದ ಕಡಿಮೆ ಬೆಲೆಗೆ ಕೊಂಡು, ಲೋಕದ ಮಾರುಕಟ್ಟೆಯಲ್ಲಿ ಹೆಚ್ಚಿನ ಬೆಲೆಗೆ ಮಾರಿ, ಮಿಕ್ಕ ಹಣವನ್ನು ಬೆಲೆ ಕುಸಿತದ ಕಾಲಕ್ಕೆಂದು ಲಂಡನ್ನಿನ ಸಾಲಪತ್ರಗಳಲ್ಲಿ ಇಟ್ಟಿತ್ತು. ಬರಿಗಾಲಿನ ಬೆಳೆಗಾರ ಸಾಮ್ರಾಜ್ಯಕ್ಕೆ ಸಾಲ ಕೊಟ್ಟ ಹಾಗಾಯಿತು.

ಆದರೆ ಮಂಡಳಿ ಘಾನಾದವರ ಕೈಗೇ ಬಂದ ಮೇಲೆ ಏನಾಯಿತು? ಅವಲಂಬನ ಸಿದ್ಧಾಂತಿಗಳು ಸಾಮಾನ್ಯವಾಗಿ ದಾಟಿ ಹೋಗುವ ಪ್ರಶ್ನೆ ಇದು. ಸ್ವತಂತ್ರ ಸರ್ಕಾರಗಳು ಅದೇ ಮಂಡಳಿಯನ್ನು ಅದೇ ರೀತಿಯಲ್ಲಿ, ಇನ್ನೂ ಬಿಗಿಯಾಗಿ ಬಳಸಿದವು. 1981ರಲ್ಲಿ ಅಮೆರಿಕದ ರಾಜಕೀಯ ಶಾಸ್ತ್ರಜ್ಞ ರಾಬರ್ಟ್ ಬೇಟ್ಸ್ ಕೊಟ್ಟ ವಿವರಣೆ ಸರಳ: ನಗರದ ಜನ ಒಂದೆಡೆ ಸೇರಿ ಗಲಾಟೆ ಎಬ್ಬಿಸಬಲ್ಲರು, ಚದುರಿಹೋದ ಲಕ್ಷಾಂತರ ರೈತರಿಗೆ ಅದಾಗದು, ಆದ್ದರಿಂದ ಅಧಿಕಾರದಲ್ಲಿರುವವನಿಗೆ ರೈತನನ್ನು ಹಿಂಡಿ ನಗರವನ್ನು ಸಮಾಧಾನಪಡಿಸುವುದೇ ಸುಲಭ ದಾರಿ. ರೈತ ಭಾಷಣ ಮಾಡಲಿಲ್ಲ. ಗಿಡಕ್ಕೆ ಆರೈಕೆ ನಿಲ್ಲಿಸಿದ, ರಾತ್ರಿ ಮೂಟೆಗಳನ್ನು ಗಡಿ ದಾಟಿಸಿ ಐವರಿ ಕೋಸ್ಟಿನಲ್ಲಿ ಮಾರಿದ. 1964–65ರಲ್ಲಿ ಐದೂವರೆ ಲಕ್ಷ ಟನ್ ಇದ್ದ ಉತ್ಪಾದನೆ 1983–84ಕ್ಕೆ ಸುಮಾರು ಒಂದೂವರೆ ಲಕ್ಷ ಟನ್ನಿಗೆ ಬಿತ್ತು. ಮೊದಲ ಸ್ಥಾನ ಐವರಿ ಕೋಸ್ಟಿಗೆ ಹೋಯಿತು.

ಹೋಲಿಕೆಗೆ ಎಲ್ಲರೂ ದಕ್ಷಿಣ ಕೊರಿಯಾವನ್ನು ತೆಗೆಯುತ್ತಾರೆ, ಏಕೆಂದರೆ 1950ರ ದಶಕದ ಕೊನೆಯಲ್ಲಿ ಎರಡೂ ದೇಶಗಳ ತಲಾ ಆದಾಯ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿತ್ತೆಂಬ ಅಂದಾಜಿದೆ. ಕೊರಿಯಾ ಗೆದ್ದದ್ದು ಮುಕ್ತ ಮಾರುಕಟ್ಟೆಯಿಂದ ಎಂದು ಒಂದು ಗುಂಪು, ಸರ್ಕಾರದ ಬಿಗಿಮುಷ್ಟಿಯಿಂದ ಎಂದು ಇನ್ನೊಂದು. ನಡೆದದ್ದನ್ನು ನೋಡಿದರೆ, ಅಲ್ಲಿ 1950ರ ಸುಮಾರಿಗೇ ಭೂಸುಧಾರಣೆಯಾಗಿ ಗೇಣಿದಾರರಿಗೆ ನೆಲ ಸಿಕ್ಕಿತ್ತು. 1961ರ ನಂತರ ಬ್ಯಾಂಕುಗಳು ಸರ್ಕಾರದ ವಶದಲ್ಲಿದ್ದವು. ಅಗ್ಗದ ಸಾಲ ಪಡೆದ ಕಂಪನಿ ರಫ್ತಿನ ಗುರಿ ಮುಟ್ಟಿ ತೋರಿಸಬೇಕಿತ್ತು. ಉಕ್ಕಿನ ಕಾರ್ಖಾನೆ ಲಾಭದಾಯಕವಲ್ಲವೆಂದು ವಿಶ್ವಬ್ಯಾಂಕ್ ಕೈಚೆಲ್ಲಿದಾಗ, ವಸಾಹತು ಕಾಲದ ಪರಿಹಾರವಾಗಿ ಜಪಾನಿನಿಂದ ಬಂದ ಹಣವನ್ನು ತೊಡಗಿಸಿ ಪೋಹಾಂಗ್‌ನಲ್ಲಿ ಅದನ್ನು ಕಟ್ಟಿದರು, 1973ರಲ್ಲಿ ಉತ್ಪಾದನೆ ಶುರುವಾಯಿತು. ಸಹಾಯಧನ ಘಾನಾದಲ್ಲೂ ಇತ್ತು, ಕೊರಿಯಾದಲ್ಲೂ ಇತ್ತು. ಕೊರಿಯಾದಲ್ಲಿ ಅದಕ್ಕೊಂದು ಪರೀಕ್ಷೆ ಇತ್ತು, ನಪಾಸಾದವನಿಗೆ ಸಾಲ ನಿಲ್ಲುತ್ತಿತ್ತು. ಜನರ ದನಿಯನ್ನು ಅಡಗಿಸಿದ ಸೈನಿಕ ಆಡಳಿತದ ಕೆಳಗೆ ಇದು ನಡೆಯಿತೆನ್ನುವುದನ್ನೂ ಅಮೆರಿಕದ ನೆರವು ದೊಡ್ಡದಿತ್ತೆನ್ನುವುದನ್ನೂ ಹೇಳದೆ ಬಿಟ್ಟರೆ ಹೋಲಿಕೆ ಅರ್ಧ ಸುಳ್ಳಾಗುತ್ತದೆ.

1983 ಘಾನಾಕ್ಕೆ ಬರ, ಕಾಡುಕಿಚ್ಚು ಮತ್ತು ನೈಜೀರಿಯಾದಿಂದ ಹೊರದಬ್ಬಲ್ಪಟ್ಟ ಹತ್ತು ಲಕ್ಷಕ್ಕೂ ಹೆಚ್ಚು ಸ್ವಂತ ಜನ ಒಟ್ಟಿಗೆ ಬಂದೆರಗಿದ ವರ್ಷ. ಎಡಪಂಥೀಯ ಘೋಷಣೆಗಳೊಂದಿಗೆ ಅಧಿಕಾರ ಹಿಡಿದಿದ್ದ ಜೆರ್ರಿ ರಾಲಿಂಗ್ಸ್ ಅದೇ ವರ್ಷ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಮತ್ತು ವಿಶ್ವಬ್ಯಾಂಕಿನ ಕಾರ್ಯಕ್ರಮಕ್ಕೆ ಒಪ್ಪಿದರು. ಇದರ ಹಿಂದಿನ ಸಿದ್ಧಾಂತಕ್ಕೆ 1989ರಲ್ಲಿ ಜಾನ್ ವಿಲಿಯಮ್ಸನ್ ‘ವಾಷಿಂಗ್ಟನ್ ಒಮ್ಮತ’ ಎಂಬ ಹೆಸರು ಕೊಟ್ಟರು: ಬೆಲೆಗಳನ್ನು ಸರಿಪಡಿಸಿ, ಸರ್ಕಾರ ಹಿಂದೆ ಸರಿಯಲಿ. ಡಾಲರಿಗೆ 2.75 ಎಂದು ಕಟ್ಟಿಹಾಕಿದ್ದ ಘಾನಾದ ಹಣ ಸೆಡಿಯ ಮೌಲ್ಯವನ್ನು ಹಂತ ಹಂತವಾಗಿ ಇಳಿಸಿ ಮೂರು ವರ್ಷಗಳಲ್ಲಿ ಡಾಲರಿಗೆ 90 ಸೆಡಿ ಎಂಬಲ್ಲಿಗೆ ತಂದರು. ರೈತನಿಗೆ ಸಿಗುವ ಬೆಲೆ ಏರಿತು; 1990ರ ದಶಕದ ನಡುವಿಗೆ ಕೋಕೋ ಮತ್ತೆ ನಾಲ್ಕು ಲಕ್ಷ ಟನ್ ಮುಟ್ಟಿತು. ಈ ಮಟ್ಟಿಗೆ ಮಾರುಕಟ್ಟೆವಾದಿಗಳು ಗೆದ್ದರು. ಆದರೆ ಅದೇ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆಗೆ ಶುಲ್ಕ ಕಟ್ಟಿಸಿಕೊಳ್ಳುವ ಪದ್ಧತಿಯನ್ನೂ ಬಿಗಿಗೊಳಿಸಿತು. ಅದರ ಪೆಟ್ಟು ತಿಂದ ಮೇಲೆಯೇ 2003ರಲ್ಲಿ ದೇಶ ಆರೋಗ್ಯ ವಿಮೆಯ ಕಾಯ್ದೆ ತಂದದ್ದು.

ಅಭಿವೃದ್ಧಿಯೆಂದರೆ ಏನನ್ನು ಅಳೆಯಬೇಕು ಎಂಬ ಅಮರ್ತ್ಯ ಸೇನ್ ಅವರ ಪ್ರಶ್ನೆಗೆ ಇಲ್ಲಿ ತೂಕ ಬರುತ್ತದೆ. ವೋಲ್ಟಾ ಸರೋವರದ ನಿಂತ ನೀರಿನಲ್ಲಿ ಬಸವನಹುಳುಗಳು ಹೆಚ್ಚಿ, ದಂಡೆಯ ಮಕ್ಕಳ ಮೂತ್ರದಲ್ಲಿ ರಕ್ತ ಬರಿಸುವ ಬಿಲ್ಹಾರ್ಜಿಯ ರೋಗ ಹಬ್ಬಿತು. ರಾಷ್ಟ್ರೀಯ ಆದಾಯದಲ್ಲಿ ತೇಮಾದ ಅಲ್ಯೂಮಿನಿಯಂ ಎಣಿಕೆಗೆ ಬಂತು, ಈ ರೋಗ ಬರಲಿಲ್ಲ. ಆದಾಯ ಸಾಧನ ಮಾತ್ರ, ಮನುಷ್ಯ ಏನು ಮಾಡಬಲ್ಲ, ಹೇಗೆ ಬಾಳಬಲ್ಲ ಎಂಬುದೇ ಗುರಿ ಎನ್ನುವ ಸೇನ್ ಅವರ ವಿಚಾರವನ್ನು ಮಹಬೂಬ್ ಉಲ್ ಹಕ್ 1990ರಲ್ಲಿ ಆಯಸ್ಸು, ಶಿಕ್ಷಣ, ಆದಾಯ ಮೂರನ್ನೂ ಕೂಡಿಸಿದ ಮಾನವ ಅಭಿವೃದ್ಧಿ ಸೂಚ್ಯಂಕವಾಗಿ ರೂಪಿಸಿದರು.

ಇತ್ತೀಚಿನ ಸಿದ್ಧಾಂತಗಳಲ್ಲಿ ಹೆಚ್ಚು ಮಾತಿಗೆ ಸಿಗುವುದು ಸಂಸ್ಥೆಗಳ, ಅಂದರೆ ಆಸ್ತಿಹಕ್ಕು, ಕಾನೂನಿನಂಥ ಸಾಮಾಜಿಕ ಕಟ್ಟುಪಾಡುಗಳ ಕುರಿತಾದದ್ದು. 2024ರ ನೊಬೆಲ್ ಕೂಡ ಅದಕ್ಕೇ ಬಂತು. ಆಸ್ತಿಗೆ ಭದ್ರತೆ ಇಲ್ಲದ ಕಡೆ ಯಾರೂ ಹೂಡುವುದಿಲ್ಲ ಎಂಬುದು ಅದರ ಸಾರ. ಇದನ್ನು ಗುಂಟೆ ಲೆಕ್ಕದಲ್ಲಿ ನೋಡಬೇಕೆಂದರೆ ಮತ್ತೆ ಅಕ್ವಾಪಿಮ್‌ಗೇ ಹೋಗಬೇಕು. ಅಲ್ಲಿ ಮಾರ್ಕಸ್ ಗೋಲ್ಡ್‌ಸ್ಟೈನ್ ಮತ್ತು ಕ್ರಿಸ್ಟೋಫರ್ ಉಡ್ರಿ ನಡೆಸಿದ, 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಊರಿನ ಅಧಿಕಾರದ ಹುದ್ದೆಯಲ್ಲಿರುವವರು ತಮ್ಮ ಹೊಲವನ್ನು ಹೆಚ್ಚು ಕಾಲ ಬೀಳು ಬಿಡುತ್ತಾರೆ, ಫಸಲೂ ಹೆಚ್ಚು ಬರುತ್ತದೆ. ಹುದ್ದೆಯಿಲ್ಲದವರು, ಅವರಲ್ಲೂ ಹೆಂಗಸರು, ಬೀಳು ಬಿಡಲು ಹೆದರುತ್ತಾರೆ: ಖಾಲಿ ಬಿಟ್ಟ ನೆಲ ಬೇರೆಯವರ ಪಾಲಾದೀತು. ನೆಲದ ಸಾರ ಬತ್ತುವುದಕ್ಕೂ ಊರ ರಾಜಕೀಯಕ್ಕೂ ಇಷ್ಟು ನೇರ ಸಂಬಂಧವಿದೆ. ಪಾಲಿ ಹಿಲ್ ನಲವತ್ತೈದು ವರ್ಷ ಮೊದಲೇ ಹಳ್ಳಿಯೊಳಗೆ ಹೋಗಿ ನೋಡಿ ಎಂದದ್ದು ಇದಕ್ಕಾಗಿಯೇ.

1990ರ ದಶಕದ ಆರಂಭದಲ್ಲಿ ಘಾನಾದ ಅರ್ಧಕ್ಕಿಂತ ಹೆಚ್ಚು ಜನ ಬಡತನದ ರೇಖೆಯ ಕೆಳಗಿದ್ದರು. 2012–13ಕ್ಕೆ ಅದು ಸುಮಾರು ಕಾಲು ಭಾಗಕ್ಕೆ ಇಳಿಯಿತು. ಇದು ಸಣ್ಣ ಸಾಧನೆಯಲ್ಲ. ಆದರೂ 2022ರ ಡಿಸೆಂಬರಿನಲ್ಲಿ ದೇಶ ವಿದೇಶಿ ಸಾಲದ ಕಂತು ನಿಲ್ಲಿಸಿತು, 2023ರಲ್ಲಿ ಹದಿನೇಳನೆಯ ಬಾರಿಗೆ ಐಎಂಎಫ್ ಬಾಗಿಲು ತಟ್ಟಿ 300 ಕೋಟಿ ಡಾಲರ್ ಸಾಲಕ್ಕೆ ಸಹಿ ಹಾಕಿತು. ಮರುವರ್ಷ, 2024ರಲ್ಲಿ, ಕೋಕೋ ಬೆಲೆ ಟನ್ನಿಗೆ 10,000 ಡಾಲರನ್ನೂ ದಾಟಿ ಇತಿಹಾಸದಲ್ಲಿ ಕಾಣದ ಎತ್ತರಕ್ಕೆ ಹೋಯಿತು. ಮಂಡಳಿಯು ಬೆಳೆಯ ಬಹುಭಾಗವನ್ನು ಹಿಂದಿನ ಕಡಿಮೆ ಬೆಲೆಗೆ ಮುಂಗಡವಾಗಿಯೇ ಮಾರಿಬಿಟ್ಟಿದ್ದರಿಂದ ಆ ಏರಿಕೆ ಬೆಳೆಗಾರನ ಅಂಗಳಕ್ಕೆ ಪೂರ್ತಿಯಾಗಿ ಇಳಿಯಲಿಲ್ಲ. ರೋಗ ತಗುಲಿದ ಕೆಲವು ತೋಟಗಳನ್ನು ಮಾಲೀಕರು ಅಕ್ರಮ ಚಿನ್ನದ ಗಣಿಗಾರರಿಗೆ ಕೊಟ್ಟರು. ಮತ್ತೆ ಕೆಲವರು, ತಮ್ಮ ತಂದೆಯರು 1970ರ ದಶಕದಲ್ಲಿ ಮಾಡಿದ ಹಾಗೆ, ರಾತ್ರಿ ಹೊತ್ತು ಮೂಟೆಗಳನ್ನು ಗಡಿ ದಾಟಿಸಿದರು.